ಇಲಿಮನೆಯಲ್ಲಿ ಎಲ್ಲ ಸಹಜ

ಇಲಿಗೆ ಮನುಷ್ಯನ ಗುರುತು ಸಿಗುವುದಿಲ್ಲ ಎಂದು ಓದಿದವರು ಯಾರಾದರೂ ಹೇಳಿದರೆ ನಂಬಬೇಡಿ. ಹನ್ನೊಂದು ವರ್ಷ ಇಲಿಗಳ ಕೇಜು ತೊಳೆದವನು ನಾನು. ಕೇಜಿನ ಮುಚ್ಚಳದ ಮೇಲೆ ನನ್ನ ತಾಮ್ರದ ಉಂಗುರದಿಂದ ಎರಡು ಸಲ ಟಕ್ ಟಕ್ ಎಂದು ಬಡಿದರೆ ಸಾಕು, ಮರದ ಹೊಟ್ಟಿನೊಳಗೆ ಹೂತುಕೊಂಡು ಮಲಗಿದ್ದವೆಲ್ಲ ಎದ್ದು ಬಂದು ಎಡಗಡೆಯ ಮೂಲೆಯಲ್ಲಿ ಮೂಗೆತ್ತಿ ನಿಲ್ಲುತ್ತಿದ್ದವು. ಬೇರೆಯವರು ಬಡಿದರೆ ಒಂದೂ ಅಲ್ಲಾಡುತ್ತಿರಲಿಲ್ಲ.

ಮೈಸೂರಿನ ಹೊರಗಿರುವ ಒಂದು ಮಿದುಳು ಸಂಶೋಧನಾ ಕೇಂದ್ರ ಅದು. ಹೆಸರು ಬೇಡ. ಅಲ್ಲಿ ನನ್ನ ಹುದ್ದೆಗೆ ಪ್ರಾಣಿ ಪರಿಚಾರಕ ಅನ್ನುತ್ತಾರೆ. ನನ್ನ ಹೆಸರು ಬೆಟ್ಟಸ್ವಾಮಿ. ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದ್ದೇನೆ. ಕೈಬರಹ ಚೆನ್ನಾಗಿದೆ ಎಂದೇ ನನಗೆ ಈ ಕೆಲಸ ಸಿಕ್ಕಿತು. ಸಿನಿಮಾದಲ್ಲಿ ತೋರಿಸುವ ಹಾಗೆ ಬಿಳಿ ಇಲಿಗಳಲ್ಲ ಅವು. ಕಪ್ಪು, ಹೆಬ್ಬೆರಳಿನಷ್ಟು ಸುಂಡಿಲಿಗಳು. ಆರುನೂರು ಇದ್ದವು.

ಇಲಿಮನೆಯಲ್ಲಿ ಸದ್ದು ಮಾಡಬಾರದು, ಉಂಗುರ ಹಾಕಬಾರದು ಎಂದು ನಿಯಮ. ಸದ್ದಿಗೆ ಇಲಿಯ ಮಿದುಳು ಬೆದರಿದರೆ ವಿಜ್ಞಾನಿಗಳ ಪ್ರಯೋಗ ಕೆಡುತ್ತದೆ. ಕೇಜು ಬಡಿದಿದ್ದಕ್ಕೆ ನನಗೆ ಒಮ್ಮೆ ಮೆಮೊ ಕೊಟ್ಟಿದ್ದರು. ಇನ್ನೊಂದು ಬಂದರೆ ಗುತ್ತಿಗೆ ರದ್ದು ಎಂದು ಅದರಲ್ಲೇ ಬರೆದಿತ್ತು. ನನಗೆ ಸಿಟ್ಟು ಬಂತು. ಆ ಉಂಗುರ ನನ್ನ ಹೆಂಡತಿ ಚೆನ್ನಾಜಮ್ಮ ಮದುವೆಯಾದ ವರ್ಷ ಮಾದೇಶ್ವರನ ಬೆಟ್ಟದಲ್ಲಿ ಕೊಡಿಸಿದ್ದು. ಯಾವನಿಗೋಸ್ಕರ ತೆಗೆಯಲಿ? ಅಂದಿನಿಂದ ಗ್ಲೌಸಿನೊಳಗೆ ಹಾಕಿಕೊಂಡು ಬಡಿಯತೊಡಗಿದೆ.

ಇಲಿಮನೆಯ ರಿಜಿಸ್ಟರಿನ ವಿಷಯವನ್ನೂ ಈಗಲೇ ಹೇಳಿಬಿಡಬೇಕು. ಒಂದೊಂದು ಕೇಜಿಗೂ ದಿನಕ್ಕೊಂದು ಸಾಲು: ನೀರು, ಆಹಾರ, ಸತ್ತವು, ಕೊನೆಯಲ್ಲಿ ‘ವಿಶೇಷ’. ಇಲಿಗಳ ನಡವಳಿಕೆಯಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಆ ಕೊನೆಯ ಅಂಕಣದಲ್ಲಿ ಬರೆಯಬೇಕು. ನಮಗೆ ಅಷ್ಟು ಪುರಸೊತ್ತು ಎಲ್ಲಿ? ಸೋಮವಾರ ಬೆಳಿಗ್ಗೆ ಟೀ ಕುಡಿಯುತ್ತ, ಬರುವ ಶನಿವಾರದವರೆಗಿನ ಸಾಲುಗಳಿಗೆಲ್ಲ ಮುಂಚಿತವಾಗಿಯೇ ‘ಸಹಜ, ಸಹಜ, ಸಹಜ’ ಎಂದು ಒಟ್ಟಿಗೇ ಬರೆದು ಮುಗಿಸುತ್ತಿದ್ದೆವು. ನನಗಿಂತ ಮುಂಚೆ ಇದ್ದ ಲಿಂಗಯ್ಯ ಹಾಗೆ ಮಾಡುತ್ತಿದ್ದ. ನಾನು ಕಲಿತೆ. ಬರೆದದ್ದನ್ನು ಹೊಡೆದುಹಾಕಬೇಕೆಂದರೆ ವಿವರಣೆಯ ಪತ್ರ ಕೊಟ್ಟು ಮೇಲಿನವರಿಬ್ಬರ ಸಹಿ ಹಾಕಿಸಬೇಕು. ಹಾಗಾಗಿ ಹನ್ನೊಂದು ವರ್ಷದಲ್ಲಿ ನಾನು ಒಂದು ‘ಸಹಜ’ವನ್ನೂ ಹೊಡೆದುಹಾಕಿದವನಲ್ಲ.

ಇನ್ನು ನನ್ನ ಮನೆ.

ಮೂರು ವರ್ಷದ ಹಿಂದೆ ಚೆನ್ನಾಜಮ್ಮನಿಗೆ ಮಿದುಳು ಜ್ವರ ಬಂತು. ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದ ಹೆಂಗಸು ಹದಿನೆಂಟು ದಿನ ಕಣ್ಣು ಬಿಡಲಿಲ್ಲ. ಬಿಟ್ಟಾಗ ನನ್ನನ್ನು ನೋಡಿ ಮೊದಲು ಕೇಳಿದ್ದು, ‘ಉಂಡ್ರಾ?’ ನಾನು ಅತ್ತುಬಿಟ್ಟೆ. ‘ಉಂಡೆ ಕಣೆ’ ಅಂದೆ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದಳು, ‘ಉಂಡ್ರಾ?’

ಅಂದಿನಿಂದ ಅದೇ. ಜ್ವರಕ್ಕೆ ಮುಂಚಿನದೆಲ್ಲ ನೆನಪಿತ್ತು. ನಮ್ಮ ಮದುವೆಯಲ್ಲಿ ಸಾರು ಸೀದದ್ದು, ಮಗಳು ಪ್ರಭಾಮಣಿ ಹುಟ್ಟಿದಾಗ ನಾನು ಆಸ್ಪತ್ರೆಯ ದಾದಿಯ ಜೊತೆ ಜಗಳ ಆಡಿದ್ದು, ಎಲ್ಲವೂ. ಆದರೆ ಹೊಸದು ಒಂದೂ ನಿಲ್ಲುತ್ತಿರಲಿಲ್ಲ. ಹತ್ತು ನಿಮಿಷಕ್ಕೆಲ್ಲ ಒರೆಸಿದ ಸ್ಲೇಟು. ಒಲೆ ಹಚ್ಚಿ ಮರೆಯುತ್ತಿದ್ದಳು. ನಾನು ಕೆಲಸಕ್ಕೆ ಹೋಗುವಾಗ ಗ್ಯಾಸಿನ ರೆಗ್ಯುಲೇಟರು ಕಿತ್ತು ಚೀಲದಲ್ಲಿ ಹಾಕಿಕೊಂಡು, ಹೊರಗಿನಿಂದ ಬೀಗ ಹಾಕುತ್ತಿದ್ದೆ. ಸಂಜೆ ಬಂದು, ನನ್ನ ಅಭ್ಯಾಸದಂತೆ ಬಾಗಿಲಿನ ಚಿಲಕಕ್ಕೆ ಉಂಗುರದಿಂದ ಎರಡು ಸಲ ಬಡಿದರೆ ಒಳಗಿನಿಂದ ದನಿ ಬರುತ್ತಿತ್ತು:

‘ಬಂದ್ರಾ? ಯಾಕ್ರೀ ಹೊರಗಿಂದ ಬೀಗ ಹಾಕವ್ರೆ? ಯಾವ ಬಡ್ಡಿಮಗ ಹಾಕ್ದ?’

‘ನಾನೇ ಹಾಕಿದ್ದು.’

‘ನೀವಾ? ಯಾಕೆ, ನಾನೇನ್ ಕೋಳಿನಾ?’

ದಿನಾ ಇದೇ ಮಾತು. ಮೊದಲ ಆರು ತಿಂಗಳು ನಗುತ್ತಿದ್ದೆ. ಆಮೇಲೆ ನಗು ಬತ್ತಿತು. ಒಂದು ಸಂಜೆ ಇಪ್ಪತ್ತನೇ ಸಲ ‘ಉಂಡ್ರಾ?’ ಎಂದಾಗ ತಟ್ಟೆ ಗೋಡೆಗೆ ಬೀಸಿ, ಬಾಯಿಗೆ ಬಂದ ಹಾಗೆ ಬೈದೆ. ಅವಳು ಮೂಲೆ ಸೇರಿ ನಡುಗಿದಳು. ಹತ್ತು ನಿಮಿಷ ಕಳೆಯಿತು. ಎದ್ದು ಬಂದು, ಏನೂ ಆಗಿಲ್ಲದವಳ ಹಾಗೆ, ‘ತಟ್ಟೆ ಯಾಕ್ ಸೊಟ್ಟಗಾಯ್ತು?’ ಅಂದಳು.

ಆವತ್ತು ನಾನೊಂದು ಕೆಟ್ಟ ಪಾಠ ಕಲಿತೆ. ಬೈದರೆ ಅವಳಿಗೆ ನೆನಪಿರುವುದಿಲ್ಲ. ಹಾಗಾಗಿ ಬೈಯಬಹುದು. ಕೇಂದ್ರದಲ್ಲಿ ಮೇಲಿನವರ ಮೇಲೆ, ಬಸ್ಸಿನ ಕಂಡಕ್ಟರನ ಮೇಲೆ ಬಂದ ಸಿಟ್ಟನ್ನೆಲ್ಲ ತಂದು ಅವಳ ಮೇಲೆ ಸುರಿಯತೊಡಗಿದೆ. ಹತ್ತು ನಿಮಿಷಕ್ಕೆ ಅವಳು ಮತ್ತೆ ಹೊಸಬಳು. ನನಗೆ ಮಾತ್ರ ಒಂದೊಂದೂ ನೆನಪಿದೆ.

ಇಂಥದರಲ್ಲಿ ಡಾಕ್ಟರ್ ಮೃದುಲಾ ಹೆಬ್ಬಾರ್ ಅವರ ಪ್ರಯೋಗ ಶುರುವಾಯಿತು. ನಲವತ್ತರ ಹತ್ತಿರದ ಹೆಂಗಸು, ಕರಾವಳಿಯ ಕಡೆಯವರು. ಇಲಿಮನೆಗೆ ಬಂದರೆ ಚಪ್ಪಲಿ ಬಿಚ್ಚಿ, ತಲೆಗೆ ಟೋಪಿ ಹಾಕಿ, ನಮಗೂ ನಮಸ್ಕಾರ ಹೇಳುತ್ತಿದ್ದರು. ಅಂಥವರು ಅಲ್ಲಿ ಕಡಿಮೆ.

‘ಇದೇನು ಔಷಧಿ ಮೇಡಂ?’ ಎಂದು ಕೇಳಿದೆ.

‘ಬೆಳವಣಿಗೆಯ ಅಂಶ ಅಂತಾರೆ ಬೆಟ್ಟಸ್ವಾಮಿ. ನಮ್ಮ ಮೈಯೇ ತಯಾರು ಮಾಡೋ ಪ್ರೋಟೀನು. ಗಾಯ ಮಾಯುವಾಗ ಚರ್ಮಕ್ಕೆ ಬೆಳಿ ಅಂತ ಹೇಳೋದು ಇಂಥದ್ದೇ. ಮಿದುಳಿಗೂ ಬೇರೆ ಇದೆ. ನಾವು ಅದನ್ನ ಸ್ವಲ್ಪ ತಿದ್ದಿದೀವಿ. ಮೂಗಿಗೆ ಹನಿ ಹಾಕಿದ್ರೆ ನೆನಪು ಕಟ್ಟೋ ಜಾಗಕ್ಕೆ ಹೋಗಿ, ಅಲ್ಲಿ ಹೊಸ ನರಕೋಶ ಹುಟ್ಟೋ ಹಾಗೆ ಮಾಡುತ್ತೆ.’

‘ಅಂದ್ರೆ ಗೊಬ್ಬರ ಅನ್ನಿ.’

‘ಹೌದು, ಗೊಬ್ಬರ.’ ಅವರು ನಕ್ಕರು.

‘ಗೊಬ್ಬರ ಹಾಕುದ್ರೆ ಕಳೆನೂ ಬೆಳೀತದೆ ಮೇಡಂ. ಇದ್ದ ಪೈರು ಮುಚ್ಚೋಯ್ತದೆ.’

‘ಅದನ್ನೂ ನೋಡಿದೀವಿ. ಗಡ್ಡೆ ಗಿಡ್ಡೆ ಏನೂ ಬೆಳೆದಿಲ್ಲ.’

ನಾನು ಹೇಳಿದ್ದು ಗಡ್ಡೆಯ ಮಾತಲ್ಲ. ಆದರೆ ಏನು ಹೇಳಿದೆ ಎಂದು ನನಗೂ ಆಗ ಗೊತ್ತಿರಲಿಲ್ಲ.

ನೆನಪು ಕೆಡಿಸಿದ ಇಲಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಹನಿ, ಇನ್ನೊಂದಕ್ಕೆ ಬರೀ ಉಪ್ಪುನೀರು. ಆಮೇಲೆ ತೊಟ್ಟಿಯ ಪರೀಕ್ಷೆ. ಹಾಲಿನ ಬಣ್ಣದ ನೀರಿನಲ್ಲಿ ಎಲ್ಲೋ ಒಂದು ಕಡೆ ಮುಳುಗಿದ ಕಟ್ಟೆ ಇರುತ್ತದೆ. ಇಲಿ ಈಜಿ ಅದನ್ನು ಹುಡುಕಿ ನೆನಪಿಡಬೇಕು. ಉಪ್ಪುನೀರಿನ ಇಲಿಗಳು ಇಪ್ಪತ್ತು ದಿನವಾದರೂ ಸುತ್ತು ಹೊಡೆಯುತ್ತಲೇ ಇದ್ದವು. ಹನಿ ಹಾಕಿದವು ನಾಲ್ಕನೇ ದಿನಕ್ಕೆ ಹಗ್ಗ ಕಟ್ಟಿ ಎಳೆದ ಹಾಗೆ ನೆಟ್ಟಗೆ ಕಟ್ಟೆಗೆ ಹೋದವು. ಮೃದುಲಾ ಮೇಡಂ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡರು. ನಾನು ಟವೆಲಿನಲ್ಲಿ ಇಲಿ ಒರೆಸುತ್ತ ನಿಂತಿದ್ದೆ. ಆ ಇಲಿಯ ಜಾಗದಲ್ಲಿ ನಾನು ಯಾರನ್ನು ನೋಡುತ್ತಿದ್ದೆ ಎಂದು ಬೇರೆ ಹೇಳಬೇಕೆ?

ಕಂಟ್ರೋಲ್ ರೂಮಿನಲ್ಲಿ ಇನ್ನೊಂದು ಪರೀಕ್ಷೆ ಇತ್ತು. ಇಲಿಯ ತಲೆಗೆ ಕಡಲೆಕಾಳಿನಷ್ಟು ಸಾಕೆಟ್ಟು ಕೂರಿಸಿ, ಕೂದಲಿಗಿಂತ ಸಣ್ಣ ತಂತಿಗಳನ್ನು ಮಿದುಳಿಗೆ ಇಳಿಸಿರುತ್ತಾರೆ. ನರಕೋಶ ಮಿಡಿದಾಗ ಸ್ಪೀಕರಿನಲ್ಲಿ ಚಟಪಟ ಸದ್ದು ಬರುತ್ತದೆ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಇಲಿ ಒಂದು ಗೊತ್ತಿರುವ ಜಾಗಕ್ಕೆ ಹೋದರೆ ಒಂದು ಕೋಶ ಸಿಡಿಯುತ್ತದೆ, ಇನ್ನೊಂದು ಜಾಗಕ್ಕೆ ಹೋದರೆ ಇನ್ನೊಂದು. ನೆನಪು ಅಂದರೆ ಇಷ್ಟೇ, ಒಗ್ಗರಣೆಯ ಸದ್ದು.

ಹನಿ ಹಾಕಿ ಹತ್ತನೆಯ ದಿನ. ಹದಿನಾಲ್ಕನೇ ಕೇಜಿನದು ಉಪ್ಪುನೀರಿನ ಇಲಿ, ಹದಿನೈದನೆಯದು ಹನಿ ಹಾಕಿದ ಇಲಿ. ಎರಡನ್ನೂ ಕಂಟ್ರೋಲ್ ರೂಮಿಗೆ ಒಯ್ದಿದ್ದೆ. ಮೇಡಂ ತಂತಿ ಜೋಡಿಸಿದವರು ಫೋನು ಬಂತೆಂದು ಹೊರಗೆ ಹೋದರು. ನಾನು ಸುಮ್ಮನಿರಬೇಕಿತ್ತು. ಕೈ ಕೇಳಲಿಲ್ಲ. ಹದಿನಾಲ್ಕರ ಮುಚ್ಚಳಕ್ಕೆ ಟಕ್ ಟಕ್ ಎಂದೆ. ಸ್ಪೀಕರು ಚಟಪಟ ಸಿಡಿಯಿತು. ಇಲಿ ಎದ್ದು ಎಡ ಮೂಲೆಗೆ ಬಂದು ಮೂಗೆತ್ತಿತು. ಹೊಸ ಪಾಠ ತಲೆಗೆ ಹತ್ತದಿದ್ದರೂ ಹಳೆಯ ಗುರುತು ಅದಕ್ಕೆ ಇತ್ತು. ಹದಿನೈದಕ್ಕೆ ಟಕ್ ಟಕ್ ಎಂದೆ.

ಸ್ಪೀಕರು ಸುಮ್ಮನಿತ್ತು.

ಮತ್ತೆ ಬಡಿದೆ. ಇಲಿ ತಲೆಯೆತ್ತಿ ನನ್ನ ಕಡೆ ನೋಡಿತು. ಮರಿಯಿದ್ದಾಗಿನಿಂದ ನನ್ನ ಕೈಯಿಂದ ತಿಂದ ಇಲಿ ಅದು. ಹೊಸಬನನ್ನು ನೋಡುವ ಹಾಗೆ ನೋಡಿ ಹಿಂದಕ್ಕೆ ಸರಿಯಿತು. ಎಲ್ಲೋ ಬೇರೆ ಕಡೆ ಒಂದೆರಡು ಕೋಶ ಸಿಡಿದವು, ಅಷ್ಟೇ.

ಮೇಡಂ ಬಾಗಿಲು ತೆಗೆದರು. ‘ಏನೋ ಸದ್ದಾಯ್ತಲ್ಲ?’

‘ಏನಿಲ್ಲ ಮೇಡಂ. ಮುಚ್ಚಳ ಸರಿ ಮಾಡ್ದೆ.’

ಯಾಕೆ ಹಾಗೆ ಹೇಳಿದೆ? ನಿಜ ಹೇಳಿದರೆ ಬಡಿದೆ ಎಂದು ಒಪ್ಪಿಕೊಳ್ಳಬೇಕು, ಎರಡನೇ ಮೆಮೊ. ಅದು ಅರ್ಧ ಕಾರಣ. ಇನ್ನರ್ಧ ಇದಕ್ಕಿಂತ ನಾಚಿಕೆಗೇಡಿನದು: ಈ ಔಷಧಿಗೆ ಅಡ್ಡ ಬರುವ ಒಂದು ಮಾತೂ ನನಗೆ ಬೇಡವಾಗಿತ್ತು.

ಇಲಿಮನೆಯಲ್ಲಿ ನೋಡಿದರೆ ಹನಿ ಹಾಕಿದ ಕೇಜುಗಳೆಲ್ಲ ಹಾಗೇ. ಬಡಿದರೆ ಬರಲಿಲ್ಲ. ಅದೇ ವಾರ ಹದಿನೇಳನೆಯ ಕೇಜಿನಲ್ಲಿ, ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಒಟ್ಟಿಗೇ ಬೆಳೆದ ಮೂರು ಗಂಡುಗಳು ಪರಕೀಯರ ಹಾಗೆ ಕಚ್ಚಾಡಿದವು. ಒಂದರ ಬಾಲ ಹರಿದಿತ್ತು. ಬೇರೆ ಕೇಜಿಗೆ ಹಾಕಿ ಔಷಧಿ ಹಚ್ಚಿದೆ. ರಿಜಿಸ್ಟರು ತೆಗೆದೆ. ಆ ದಿನದ ಸಾಲಿನಲ್ಲಿ ಸೋಮವಾರವೇ ಬರೆದಿದ್ದ ‘ಸಹಜ’ ನನ್ನ ದುಂಡು ಅಕ್ಷರದಲ್ಲಿ ಕೂತಿತ್ತು. ಹೊಡೆದುಹಾಕಿದರೆ ಪತ್ರ, ಇಬ್ಬರ ಸಹಿ, ನೂರೆಂಟು ಪ್ರಶ್ನೆ. ರಿಜಿಸ್ಟರು ಮುಚ್ಚಿದೆ.

ಇದೆಲ್ಲ ಆರೇ ದಿನ. ಏಳನೆಯ ದಿನ ಬಡಿದಾಗ ಹದಿನೈದನೆಯ ಕೇಜಿನ ಇಲಿ ಬಂದು ಮೂಗೆತ್ತಿ ನಿಂತಿತು. ಬೇರೆಯವೂ ಬಂದವು. ಕಚ್ಚಾಟ ನಿಂತಿತು. ಅಬ್ಬ, ನೆನಪು ಬಂತು ಎಂದುಕೊಂಡೆ. ಅದು ಹಳೆಯ ನೆನಪಲ್ಲ, ಚುರುಕು ಮಿದುಳು ಆರು ದಿನದಲ್ಲಿ ಹೊಸದಾಗಿ ಕಲಿತದ್ದು ಎಂದು ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎಂದು ಬರೆಯುತ್ತಿದ್ದೇನೆ. ಹೊಳೆಯಲು ಬಿಡಲಿಲ್ಲ ಎಂದರೆ ಸರಿಯಾದೀತು.

ಆ ಹೊತ್ತಿಗೆ ಹೊಸ ಕಾನೂನು ಬಂದಿತ್ತು. ಬೇರೆ ದಾರಿಯಿಲ್ಲದ ರೋಗಿಗಳಿಗೆ, ಇಲಿಗಳಲ್ಲಿ ಗುಣ ಕಂಡು ಏಳು ತಿಂಗಳು ತೊಂದರೆ ಕಾಣದಿದ್ದರೆ, ಮನೆಯವರ ಒಪ್ಪಿಗೆಯ ಮೇಲೆ ಔಷಧಿ ಕೊಡಬಹುದು. ಏಳು ತಿಂಗಳು ಮುಗಿದ ದಿನವೇ ನಾನು ಮೇಡಂ ಕೋಣೆಗೆ ಹೋದೆ.

‘ಇನ್ನೊಂದು ವರ್ಷ ನೋಡೋಣ ಅಂತ ನನಗಿದೆ’ ಅಂದರು ಅವರು. ‘ಯಾಕೋ ಎಲ್ಲ ತುಂಬಾ ಸಲೀಸಾಗಿ ಹೋಗ್ತಿದೆ.’

‘ಒಂದು ವರ್ಷಾನಾ? ನೀವು ಬನ್ನಿ ಮೇಡಂ, ನಮ್ಮನೇಲಿ ಒಂದೇ ಒಂದು ದಿನ ಇದ್ದು ನೋಡಿ. ಹೆಂಡ್ತಿನ ಬೀಗ ಹಾಕಿ ಕೂಡಾಕ್ಬುಟ್ಟು ಬಂದು ನಿಮ್ಮ ಇಲಿಗಳಿಗೆ ಅನ್ನ ಹಾಕ್ತಾ ಇವ್ನಿ ನಾನು. ಇಲಿಗಿಂತ ಕಡೆನಾ ಅವಳು?’

ಜೋರಾಗಿಯೇ ಕೂಗಿದ್ದೆ. ಅವರು ಒಪ್ಪಿಗೆಯ ಕಾಗದ ತೆಗೆದರು.

ಪಕ್ಕದ ಆಸ್ಪತ್ರೆಯ ವಾರ್ಡಿನಲ್ಲಿ ಚೆನ್ನಾಜಮ್ಮನನ್ನು ಸೇರಿಸಿದೆವು. ಮೊದಲ ರೋಗಿ ಅವಳೇ. ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ, ನಲವತ್ತು ದಿನ. ದಿನಾ ಸಂಜೆ ಐದಕ್ಕೆ ಕೆಲಸ ಮುಗಿಸಿ ಹೋಗಿ ಒಂದು ಗಂಟೆ ಕೂತು ಬರುತ್ತಿದ್ದೆ.

ಹನ್ನೆರಡನೆಯ ದಿನ ಅವಳು ಊಟದ ತಟ್ಟೆ ತಳ್ಳಿದಳು. ‘ಸಪ್ಪೆ ಊಟ, ಇದ ನಾಯಿ ಮೂಸಾಕಿಲ್ಲ’ ಅಂದಳು. ನಾನು ಅಂದು ಮೇಲ್ವಿಚಾರಕನಿಂದ ಬೈಸಿಕೊಂಡು ಬಂದಿದ್ದೆ. ಹಳೆಯ ಚಟ. ‘ತಿನ್ನೇ ಮುಂಡೆ’ ಎಂದು ಶುರುಮಾಡಿ, ಪಕ್ಕದ ಮಂಚದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿ, ಎದ್ದು ಬಂದೆ.

ಮರುದಿನ ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ‘ನೆನ್ನೆ ನೀವು ಯಾಕ್ ಹಂಗೆ ಕೂಗಾಡಿದ್ರಿ?’ ಅಂದಳು.

ನೆನ್ನೆ! ಮೂರು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ‘ನೆನ್ನೆ’ ಬಂದಿತ್ತು. ನಾನು ವಾರ್ಡಿನ ನಡುವೆ ನಿಂತು ಹುಚ್ಚನ ಹಾಗೆ ನಕ್ಕೆ. ಓಡಿಹೋಗಿ ನರ್ಸಿಗೆ ಹೇಳಿದೆ, ಮೃದುಲಾ ಮೇಡಂಗೆ ಹೇಳಿದೆ, ಗೇಟಿನ ಕಾವಲಿನವನಿಗೂ ಹೇಳಿದೆ: ‘ನಾನು ಬೈದಿದ್ದು ನೆನಪೈತೆ ಅವಳಿಗೆ! ಒಂದೊಂದು ಬೈಗುಳನೂ ನೆನಪೈತೆ!’

ಆಮೇಲೆ ದಿನದಿನಕ್ಕೆ ಚುರುಕು. ನರ್ಸುಗಳ ಹೆಸರು, ಅವರ ಪಾಳಿ, ಯಾವ ಮಂಚದವರಿಗೆ ಸಕ್ಕರೆ ಬೇಡ ಎಲ್ಲ ಗೊತ್ತು. ಮೂವತ್ತು ಪದಗಳ ಪಟ್ಟಿ ಓದಿ ಮರುದಿನ ಕೇಳಿದರೆ ಇಪ್ಪತ್ತೆಂಟು ಹೇಳುತ್ತಿದ್ದಳು. ತಲೆಗೆ ತಂತಿಯ ಟೋಪಿ ಹಾಕಿ ನೋಡಿದರು. ಪರದೆಯ ಮೇಲೆ ಗೆರೆಗಳು ಕುಣಿದವು. ನಲವತ್ತು ದಿನವೂ ಪರೀಕ್ಷೆ ಮಾಡಿದ್ದು ಹೊಸದನ್ನು ಕಲಿಯುತ್ತಾಳೆಯೇ ಎಂದು. ಹಳೆಯದರ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೂವತ್ತಾರನೆಯ ದಿನ ಹೋಗುವುದು ಸ್ವಲ್ಪ ತಡವಾಯಿತು. ಅವಳು ವಾರ್ಡಿನ ಬಾಗಿಲಿಗೇ ಬಂದಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಹೇಳಿದಳು:

‘ಯಾಕೆ ಬೆಟ್ಟಸ್ವಾಮಿ ಅವ್ರೆ, ಇವತ್ತು ಲೇಟು?’

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ಒಮ್ಮೆಯೂ ನನ್ನ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದವಳ ಕಿವಿಯಲ್ಲಿ ‘ಮಾದೇಶ್ವರ ಇರೋ ಜಾಗ’ ಅಂದು, ಅವಳಿಂದ ಹೇಳಿಸುತ್ತಿದ್ದಳು. ಈ ಹೆಸರನ್ನು ಅವಳು ನನ್ನಿಂದ ಕಲಿತದ್ದಲ್ಲ. ಭೇಟಿಗೆ ಬರುವವರ ಚೀಟಿ ನೋಡಿ ನರ್ಸು ಕೂಗುವುದನ್ನು ಕೇಳಿ ಕಲಿತದ್ದು.

‘ನಾನ್ಯಾರು ಹೇಳು ಚೆನ್ನಾಜಿ’ ಅಂದೆ.

‘ಅಯ್ಯೋ, ಗೊತ್ತಿಲ್ವಾ? ಸಾಯಂಕಾಲ ಬರೋರು. ಇಲಿ ಸಾಕೋರು.’ ‘ಕೋಪ ಜಾಸ್ತಿ ನಿಮಗೆ’ ಎಂದು ಸೇರಿಸಿದಳು.

ನಾನು ಯಾರಿಗೂ ಹೇಳಲಿಲ್ಲ. ಮೂರು ದಿನ ಹೇಳಲಿಲ್ಲ. ತಮಾಷೆ ಮಾಡಿರಬೇಕು, ಔಷಧಿಯ ಮಂಪರಿರಬೇಕು ಎಂದುಕೊಂಡೆ. ನಾಲ್ಕನೆಯ ದಿನ, ಹನಿ ಮುಗಿಯುವ ದಿನ, ಕೊಳ್ಳೇಗಾಲದಿಂದ ಪ್ರಭಾಮಣಿ ಬಂದಳು. ಅವಳಿಗೆ ಆರು ತಿಂಗಳ ಬಸುರು. ಅದಕ್ಕೇ ಇಷ್ಟು ದಿನ ಬಂದಿರಲಿಲ್ಲ. ವಾರ್ಡಿಗೆ ಹೋದವಳೇ ಅವ್ವನನ್ನು ತಬ್ಬಿಕೊಂಡಳು. ಚೆನ್ನಾಜಮ್ಮ ನಿಧಾನವಾಗಿ ಅವಳ ಕೈ ಬಿಡಿಸಿ, ಮಂಚದ ಮೇಲೆ ಕೂರಿಸಿ, ತನ್ನ ನೀರಿನ ಲೋಟ ಕೊಟ್ಟಳು.

‘ಬಸುರಿ ಹೆಂಗ್ಸು, ಒಬ್ಬಳೇ ಬಂದಿದ್ದೀಯಲ್ಲವ್ವ. ನಿಮ್ಮವ್ವ ಎಲ್ಲಿ?’

ಪ್ರಭಾಮಣಿ ನನ್ನ ಕಡೆ ತಿರುಗಿದಳು. ಆ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ‘ಅಪ್ಪಾ, ಏನ್ ಮಾಡ್ದೆ ಅವ್ವಂಗೆ?’

ಅರ್ಧ ಗಂಟೆಯಲ್ಲಿ ಮೃದುಲಾ ಮೇಡಂ ಬಂದರು. ಚೆನ್ನಾಜಮ್ಮನ ಪಕ್ಕ ಕೂತು ಒಂದೊಂದೇ ಕೇಳಿದರು. ಹುಟ್ಟಿದ ಊರು? ಗೊತ್ತಿಲ್ಲ. ಮದುವೆ? ‘ಆಗಿರ್ಬೇಕು, ತಾಳಿ ಐತಲ್ಲ.’ ಬಿಸಿಯೂಟ? ‘ಏನದು?’ ಮಾತು ಬರುತ್ತಿತ್ತು, ಮುದ್ದೆ ತಿರುವುವುದು ಬರುತ್ತಿತ್ತು, ಕೈ ಕಲಿತದ್ದೆಲ್ಲ ಇತ್ತು. ಬದುಕಿದ್ದು ಮಾತ್ರ ಒಂದೂ ಇರಲಿಲ್ಲ. ನಗುನಗುತ್ತಲೇ ಉತ್ತರ ಕೊಟ್ಟಳು. ಪರೀಕ್ಷೆಯ ಪ್ರಶ್ನೆಗೆ ಉತ್ತರ ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು.

ಮೇಡಂ ನನ್ನನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಕಪಾಟಿನಿಂದ ಇಲಿಮನೆಯ ರಿಜಿಸ್ಟರು ತೆಗೆದು ಮೇಜಿನ ಮೇಲೆ ಬಿಚ್ಚಿದರು.

‘ನನಗೆ ಅರ್ಥ ಆಗ್ತಿಲ್ಲ ಬೆಟ್ಟಸ್ವಾಮಿ. ಹೊಸ ಕೋಶ ಅಷ್ಟೊಂದು ಹುಟ್ಟಿದ್ರೆ ಹಳೆಯ ಜೋಡಣೆ ಕಿತ್ತುಹೋಗಬಹುದು ಅಂತ ಒಂದು ಸಂಶಯ ನನಗೂ ಇತ್ತು. ಹಾಗಾದ್ರೆ ಇಲಿಗಳು ತಮ್ಮ ಕೇಜು, ತಮ್ಮ ಜೊತೆಯವು, ನಿಮ್ಮನ್ನ ಮರೀಬೇಕಿತ್ತು. ಕಚ್ಚಾಡಬೇಕಿತ್ತು. ಅದಕ್ಕೇ ನಾನು ಈ ರಿಜಿಸ್ಟರ್ ಒಂದೊಂದು ಪುಟ ಓದಿದೆ. ಇನ್ನೂರ ಹನ್ನೆರಡು ದಿನ. ಎಲ್ಲಾ ಕಡೆ ನಿಮ್ಮ ಅಕ್ಷರ. ಸಹಜ, ಸಹಜ, ಸಹಜ. ಒಂದೇ ಒಂದು ಕಡೆಯೂ ಬೇರೆ ಇಲ್ಲ. ಅದನ್ನ ನಂಬಿ ನನ್ನ ಸಂಶಯ ಬಿಟ್ಟೆ. ನನ್ನ ಪ್ರಬಂಧದಲ್ಲೂ ಬರೆದೆ.’

ನನ್ನ ದುಂಡು ಅಕ್ಷರ ಎಷ್ಟು ಚೆನ್ನಾಗಿತ್ತು ಎಂದರೆ, ಅದನ್ನು ನೋಡಿದರೆ ಯಾರಿಗಾದರೂ ನಂಬಿಕೆ ಬರುತ್ತಿತ್ತು.

ಗೋಡೆಯ ಮೇಲೆ ಮುಂದಿನ ವಾರದ ಪಟ್ಟಿ ಅಂಟಿಸಿತ್ತು. ಸೋಮವಾರ ಆರು ಜನರಿಗೆ ಹನಿ ಶುರು. ಅವರ ಮನೆಯವರು ಆಗಲೇ ಕಾಗದಕ್ಕೆ ಸಹಿ ಹಾಕಿದ್ದರು. ಒಬ್ಬ ಮುದುಕ ಹೊರಗಿನ ಬೆಂಚಿನಲ್ಲಿ ಹೆಂಡತಿಯ ಕೈ ಹಿಡಿದು ಕೂತಿದ್ದ. ನಾನು ಸುಮ್ಮನಿದ್ದರೆ ಚೆನ್ನಾಜಮ್ಮನದು ಯಾವುದೋ ಒಂಟಿ ಪ್ರಕರಣ, ಜ್ವರದ ಕಾರಣಕ್ಕೆ ಹೀಗಾಯಿತು ಎಂದು ಬರೆದು ಮುಂದೆ ಹೋಗಬಹುದಿತ್ತು. ಅವಳ ಹೆಸರಿನ ಪಕ್ಕದಲ್ಲೂ ಯಾರೋ ‘ಸಹಜ’ ಎಂದು ಬರೆದುಬಿಡುತ್ತಿದ್ದರು.

‘ಮರ್ತಿದ್ವು ಮೇಡಂ’ ಅಂದೆ.

‘ಏನು?’

‘ಇಲಿಗಳು ನನ್ನ ಮರ್ತಿದ್ವು. ಕಚ್ಚಾಡಿದ್ವು. ಹದಿನೇಳನೇ ಕೇಜಲ್ಲಿ ಒಂದರ ಬಾಲ ಹರಿದಿತ್ತು. ನಾನು ಕಂಡೆ. ನಿಮ್ಮ ಸ್ಪೀಕರ್ ಮುಂದೇನೇ ಕಂಡೆ.’ ಉಂಗುರದ ವಿಷಯ, ಸೋಮವಾರದ ಟೀ ವಿಷಯ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಸಿಟ್ಟು ಅವರ ಮೇಲೆ ತಿರುಗಿತು. ಅದು ನನ್ನ ಗುಣ. ‘ನಾನು ಏಳನೇ ಕ್ಲಾಸು. ನೀವು ಇಷ್ಟೊಂದು ಓದ್ದೋರು. ಹಳೇದು ಐತಾ ಅಂತ ನೀವ್ಯಾಕೆ ಒಂದು ಪರೀಕ್ಷೆ ಮಾಡ್ಲಿಲ್ಲ? ಇಲಿ ಕಸ ಬಳಿಯೋನ ರಿಜಿಸ್ಟರ್ ನಂಬ್ಕೊಂಡು ಮನುಷ್ಯರಿಗೆ ಔಷಧಿ ಕೊಡ್ತೀರಾ?’

ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ‘ಹೊಸದು ನಿಲ್ಲದೇ ಇರೋದೇ ರೋಗ ಅಂದ್ಕೊಂಡಿದ್ವಿ’ ಎಂದರು ನಿಧಾನವಾಗಿ. ‘ಹಳೆಯದು ಎಲ್ಲಿಗೆ ಹೋಗುತ್ತೆ, ಇದ್ದೇ ಇರುತ್ತೆ ಅಂತ.’

ಎದ್ದು ಹೋಗಿ ಗೋಡೆಯ ಪಟ್ಟಿ ಕಿತ್ತರು. ಹೊರಗೆ ಹೋಗಿ ಬೆಂಚಿನ ಮುದುಕನ ಪಕ್ಕ ಕೂತು ಏನೋ ಹೇಳತೊಡಗಿದರು. ಮುದುಕ ಮೊದಲು ತಲೆಯಾಡಿಸಿದ. ಆಮೇಲೆ ಮೇಡಂ ಮೇಲೆ ಕೂಗಾಡಿದ. ನನಗೆ ಆ ಕೂಗು ಗೊತ್ತಿತ್ತು.

ಪ್ರಯೋಗ ನಿಂತಿತು. ನನ್ನ ಗುತ್ತಿಗೆ ರದ್ದಾಯಿತು. ಮೇಡಂ ವಿಚಾರಣೆಗೆ ಒಳಗಾಗಿ ಎಲ್ಲೋ ವರ್ಗವಾಗಿ ಹೋದರು. ಹೋಗುವ ಮುಂಚೆ ಮನೆಗೆ ಬಂದು, ಹೋದ ನೆನಪು ಬರುವುದಿಲ್ಲ, ಆ ಜೋಡಣೆಗಳೇ ಈಗ ಇಲ್ಲ ಎಂದು ನೇರವಾಗಿ ಹೇಳಿದರು. ಸುಳ್ಳು ಆಸೆ ಹುಟ್ಟಿಸಲಿಲ್ಲ. ಅದಕ್ಕೆ ನಾನು ಕೈ ಮುಗಿದೆ.

ಈಗ ಚೆನ್ನಾಜಮ್ಮ ಮನೆಯಲ್ಲಿದ್ದಾಳೆ. ಬೀಗ ಬೇಕಿಲ್ಲ, ರೆಗ್ಯುಲೇಟರು ಕೀಳಬೇಕಿಲ್ಲ. ಒಲೆ ಹಚ್ಚಿದರೆ ಆರಿಸುತ್ತಾಳೆ. ಎದುರು ಮನೆಯ ಹುಡುಗಿಯಿಂದ ಹೊಲಿಗೆ ಕಲಿತು ತಿಂಗಳೊಳಗೆ ರವಿಕೆ ಹೊಲಿದಳು. ಬೀದಿಯವರು ‘ಎಂಥ ಗುಣವಾಯ್ತು ನೋಡಿ!’ ಅನ್ನುತ್ತಾರೆ. ನಾನು ಈಗ ಒಂದು ಗೋಡೌನಿನ ಕಾವಲು ಕಾಯುತ್ತೇನೆ. ಸಂಜೆ ಬಂದು ಚಿಲಕಕ್ಕೆ ಎರಡು ಸಲ ಬಡಿದರೆ ಒಳಗಿನಿಂದ ‘ಯಾರು?’ ಎಂಬ ದನಿ ಬರುತ್ತಿತ್ತು. ಹೆಸರು ಹೇಳುತ್ತಿದ್ದೆ. ಒಂದು ವಾರ ಕಳೆದ ಮೇಲೆ ಆ ಸದ್ದಿಗೇ ಎದ್ದು ಬಂದು ಬಾಗಿಲು ತೆಗೆಯತೊಡಗಿದಳು. ನನಗೆ ಹದಿನೈದನೆಯ ಕೇಜು ನೆನಪಾಗಿ ಉಂಗುರ ತೆಗೆದಿಟ್ಟೆ.

ನಾವು ಗಂಡ ಹೆಂಡತಿ ಎಂದು ಹೇಳಿದ್ದೇನೆ. ಫೋಟೊ ತೋರಿಸಿದ್ದೇನೆ. ಪ್ರಭಾಮಣಿ ಅವಳ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟು ‘ನಿನ್ನ ಮೊಮ್ಮಗು’ ಎಂದಿದ್ದಾಳೆ. ಚೆನ್ನಾಜಮ್ಮ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ ನೆನಪಿಟ್ಟುಕೊಂಡಿದ್ದಾಳೆ, ಮೂವತ್ತು ಪದಗಳ ಪಟ್ಟಿಯ ಹಾಗೆ. ಕೇಳಿದರೆ ತಪ್ಪಿಲ್ಲದೆ ಹೇಳುತ್ತಾಳೆ.

ಕಳೆದ ಭಾನುವಾರ ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತಿದ್ದೆ. ಮನೆಗೆ ಕರೆತಂದ ಮೇಲೆ ಒಂದು ದಿನವೂ ದನಿ ಎತ್ತಿಲ್ಲ. ಆದರೂ ಅವಳು ನಾನು ಕೈ ಎತ್ತಿ ತಲೆ ಕೆರೆದುಕೊಂಡರೂ ಸ್ವಲ್ಪ ಹಿಂದೆ ಸರಿಯುತ್ತಾಳೆ. ಹನ್ನೆರಡನೆಯ ದಿನದ ಸಂಜೆ ಅವಳಿಗೆ ಚೆನ್ನಾಗಿ ನೆನಪಿದೆ. ನನ್ನ ಬಗ್ಗೆ ಅವಳ ಹತ್ತಿರ ಇರುವ ಮೊದಲ ನೆನಪೇ ಅದು.

‘ಒಂದ್ ಮಾತು ಕೇಳ್ಲಾ?’ ಅಂದಳು, ಕಾಯಿಯಿಂದ ಕಣ್ಣೆತ್ತದೆ. ‘ಆಸ್ಪತ್ರೇಲಿ ಬೈದ್ರಲ್ಲ, ಮೊದ್ಲೂ ಹಂಗೇ ಬೈತಿದ್ರಾ ನನ್ನ?’

ಇಲ್ಲ ಎನ್ನಬಹುದಿತ್ತು. ಅಲ್ಲ ಎನ್ನುವವರು ಯಾರೂ ಇರಲಿಲ್ಲ. ಒಂದೇ ಒಂದು ಸುಳ್ಳು ಹೇಳಿದ್ದರೆ ಇಪ್ಪತ್ತೇಳು ವರ್ಷಕ್ಕೂ ದುಂಡು ಅಕ್ಷರದಲ್ಲಿ ‘ಸಹಜ’ ಬರೆದ ಹಾಗಾಗುತ್ತಿತ್ತು.

‘ಹೂಂ’ ಅಂದೆ. ‘ಬೈತಿದ್ದೆ. ಕಾಯಿಲೆ ಬಂದ್ಮೇಲೆ ದಿನಾ ಬೈತಿದ್ದೆ. ಮರೀತೀಯಲ್ಲ ಅಂತ.’

ಅವಳ ಮುಖದಲ್ಲಿ ಕೋಪವೂ ಇರಲಿಲ್ಲ, ದುಃಖವೂ ಇರಲಿಲ್ಲ. ಯಾರದೋ ಮನೆಯ ಸುದ್ದಿ ಕೇಳಿದವಳ ಹಾಗಿದ್ದಳು.

‘ಅಂಗಾದ್ರೆ ಮರ್ತೋಗಿದ್ದೇ ಒಳ್ಳೇದಾಯ್ತು ಬುಡಿ’ ಎಂದು ಮತ್ತೆ ಕಾಯಿ ಸುಲಿಯತೊಡಗಿದಳು.

ಗಂಟೆ ಎರಡು ದಾಟಿತ್ತು. ನಾನು ಇನ್ನೂ ಉಂಡಿರಲಿಲ್ಲ. ಸಿಪ್ಪೆ ಬೀಳುವ ಸದ್ದು ಕೇಳುತ್ತ, ಅವಳು ‘ಉಂಡ್ರಾ?’ ಎಂದು ಕೇಳಬಹುದೇ ಎಂದು ಕಾದು ಕೂತೆ. ಕಾಳೆಲ್ಲ ಬಿಡಿಸಿ ಮುಗಿಯಿತು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.